ಟ್ರೇನಲ್ಲಿದ್ದ ಮಾಸು, ಫೇಸ್‌ಬುಕ್‌ಗೆ ಹೋದ ಫೋಟೊ: ಕಾನ್ಸಾಸ್‌ನ ಒಂದು ನರ್ಸಿಂಗ್ ಕಾಲೇಜಿನ ಪ್ರಕರಣ

ಹೆರಿಗೆ ಆದ ಮೇಲೆ ಮಾಸು, ಅಂದರೆ ಹೊಟ್ಟೆಯಲ್ಲಿ ಮಗುವನ್ನು ಪೋಷಿಸಿದ ಪ್ಲಾಸೆಂಟಾ, ಪೂರ್ತಿ ಬಂದಿದೆಯಾ ಅಂತ ನೋಡುವುದು ಲೇಬರ್ ರೂಮಿನಲ್ಲಿ ದೊಡ್ಡ ಕೆಲಸ. ಟ್ರೇನಲ್ಲಿ ಹರಡಿ, ರಕ್ತ ತೊಳೆದು, ತಿರುಗಿಸಿ ತಿರುಗಿಸಿ ನೋಡಬೇಕು. ಸುಮಾರು ಅರ್ಧ ಕೆಜಿ ತೂಗುತ್ತದೆ. ಮಗುವಿನ ಕಡೆಯ ಮೈ ನುಣುಪು, ಹೊಳಪು. ಅದರ ಮೇಲೆ ಮರದ ಕೊಂಬೆಗಳ ಹಾಗೆ ರಕ್ತನಾಳಗಳು. ತಾಯಿಯ ಕಡೆಯದು ಕಡುಗೆಂಪು, ಹೋಳು ಹೋಳು. ಹದಿನೈದಿಪ್ಪತ್ತು ಹೋಳು ಇರುತ್ತವೆ. ಅದರಲ್ಲೊಂದು ಚೂರು ಗರ್ಭಕೋಶದಲ್ಲೇ ಉಳಿದರೂ ರಕ್ತಸ್ರಾವ ಆಗಿ ತಾಯಿಯ ಜೀವಕ್ಕೇ ಕುತ್ತು. ಪುಸ್ತಕದಲ್ಲಿ ಇದನ್ನೆಲ್ಲ ಹತ್ತು ಸಲ ಓದಿದ ಹುಡುಗಿಯೂ ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ಒಂದು ಗಳಿಗೆ ಸುಮ್ಮನಾಗಿಬಿಡುತ್ತಾಳೆ. ನಾನು ನರ್ಸಿಂಗ್ ಕಲಿಸುವವಳು. ಆ ಮುಖಗಳನ್ನು ತುಂಬಾ ವರ್ಷಗಳಿಂದ ನೋಡುತ್ತಿದ್ದೇನೆ.

ಅಂಥ ಒಂದು ಗಳಿಗೆಯಲ್ಲಿ ತೆಗೆದ ಫೋಟೊ ಅಮೆರಿಕದಲ್ಲಿ ನಾಲ್ವರು ವಿದ್ಯಾರ್ಥಿನಿಯರನ್ನು ಕಾಲೇಜಿನಿಂದ ಹೊರಹಾಕಿಸಿತು. ಅವರಲ್ಲೊಬ್ಬಳು ಕೋರ್ಟಿಗೆ ಹೋದಳು. ನರ್ಸಿಂಗ್ ಕಾಲೇಜುಗಳು ವಿದ್ಯಾರ್ಥಿಗಳ ತಪ್ಪನ್ನು ಹೇಗೆ ವಿಚಾರಿಸುತ್ತವೆ, ಎಲ್ಲಿ ಎಡವುತ್ತವೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ. ಆ ಹುಡುಗಿಯರ ಹೆಸರು ಇಲ್ಲಿ ಬೇಡ. ಕಲಿಯುವ ವಯಸ್ಸಿನಲ್ಲಿ ಆದದ್ದು ಜೀವನವಿಡೀ ಹೆಸರಿಗೆ ಅಂಟಿಕೊಂಡಿರುವುದು ಸರಿಯಲ್ಲ.

ನಡೆದದ್ದು ಇಷ್ಟು

2010ರ ನವೆಂಬರ್ 10. ಅಮೆರಿಕದ ಕಾನ್ಸಾಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕ್ ಊರಿನ ಜಾನ್ಸನ್ ಕೌಂಟಿ ಕಮ್ಯುನಿಟಿ ಕಾಲೇಜಿನ ನರ್ಸಿಂಗ್ ವಿದ್ಯಾರ್ಥಿನಿಯರು ಒಲೇಥಾ ಮೆಡಿಕಲ್ ಸೆಂಟರ್‌ನಲ್ಲಿ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿದ್ದರು, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದರು. ಕಮ್ಯುನಿಟಿ ಕಾಲೇಜು ಅಂದರೆ ಅಲ್ಲಿ ಸಾರ್ವಜನಿಕ ಹಣದಲ್ಲಿ ನಡೆಯುವ, ಎರಡು ವರ್ಷದ ಕೋರ್ಸ್‌ಗಳಿರುವ ಕಾಲೇಜು. ಇದು ಸರ್ಕಾರಿ ಸಂಸ್ಥೆ ಅನ್ನುವುದು ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಅವತ್ತು ಅವರಿಗೆ ನೋಡಿ ಕಲಿಯಲು ಒಂದು ಮಾಸು ಸಿಕ್ಕಿತು. ಜೊತೆಯಲ್ಲಿ ಕಾಲೇಜಿನ ಶಿಕ್ಷಕಿ ಇದ್ದರು. ಫೋಟೊ ತೆಗೆದುಕೊಳ್ಳಬಹುದಾ ಅಂತ ವಿದ್ಯಾರ್ಥಿನಿಯರು ಕೇಳಿದರು. ತಾಯಿ ಯಾರೆಂದು ತಿಳಿಸುವಂಥದ್ದು ಏನೂ ಫೋಟೊದಲ್ಲಿ ಬರಬಾರದು ಅಂತ ಹೇಳಿ ಶಿಕ್ಷಕಿ ಒಪ್ಪಿದರು. ಫೇಸ್‌ಬುಕ್‌ಗೆ ಹಾಕುತ್ತೇವೆ ಅನ್ನುವ ಮಾತೂ ಅಲ್ಲಿ ಬಂತು. ಅದಕ್ಕೆ ಶಿಕ್ಷಕಿ ಹಾಕಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ‘ಅಯ್ಯೋ, ನೀವು ಹುಡುಗೀರೇ!’ ಅನ್ನುವ ಧಾಟಿಯಲ್ಲಿ ಒಂದು ಮಾತಾಡಿ ಸುಮ್ಮನಾದರು.

ಕೋರ್ಟಿಗೆ ಹೋದ ವಿದ್ಯಾರ್ಥಿನಿಯ ಫೋಟೊದಲ್ಲಿ ಇದ್ದದ್ದು ಇಷ್ಟೇ: ಬಿಳಿ ಕೋಟು, ಗ್ಲವ್ಸ್ ಹಾಕಿಕೊಂಡ ಅವಳು, ಮುಂದೆ ಟ್ರೇನಲ್ಲಿ ಮಾಸು, ಮುಖದಲ್ಲಿ ದೊಡ್ಡ ನಗು. ತಾಯಿ ಇಲ್ಲ, ಮಗು ಇಲ್ಲ, ಹೆಸರಿನ ಚೀಟಿ ಇಲ್ಲ. ಅವತ್ತೇ ಅದನ್ನು ಫೇಸ್‌ಬುಕ್‌ಗೆ ಹಾಕಿದಳು. ಸುಮಾರು ಮೂರು ಗಂಟೆ ಇತ್ತು. ತೆಗೆಯಿರಿ ಅಂತ ಕಾಲೇಜಿನ ಕಡೆಯಿಂದ ಹೇಳಿದ ತಕ್ಷಣ ತೆಗೆದುಹಾಕಿದಳು.

ಮಾರನೆಯ ದಿನ ನರ್ಸಿಂಗ್ ವಿಭಾಗದ ಮುಖ್ಯಸ್ಥರು ಅವಳನ್ನೂ ಸೇರಿಸಿ ನಾಲ್ವರನ್ನು ಕೋರ್ಸಿನಿಂದ ಹೊರಹಾಕಿದರು. ನಿಮ್ಮ ನಡವಳಿಕೆ ನರ್ಸಿಂಗ್ ವೃತ್ತಿಗೆ ತಕ್ಕದ್ದಾಗಿರಲಿಲ್ಲ, ಕಲಿಕೆಗೆ ಅಡ್ಡಿಯಾಯಿತು ಅನ್ನುವುದು ಕಾರಣ. ಮುಂದಿನ ವರ್ಷ ಬೇಕಾದರೆ ಮತ್ತೆ ಅರ್ಜಿ ಹಾಕಬಹುದಿತ್ತು. ಆ ಹುಡುಗಿಯೋ 2011ರ ಮೇ ತಿಂಗಳಲ್ಲಿ ಕೋರ್ಸ್ ಮುಗಿಸಬೇಕಾದವಳು. ಕ್ಷಮೆ ಕೇಳಿ ಪತ್ರ ಬರೆದಳು. ನನ್ನ ಸಂಭ್ರಮವನ್ನು ಮನೆಯವರ ಜೊತೆ ಹಂಚಿಕೊಳ್ಳುವ ಅವಸರದಲ್ಲಿ, ಇದು ಬೇರೆಯವರಿಗೆ ತಪ್ಪಾಗಿ ಕಾಣಬಹುದು ಅಂತ ಹೊಳೆಯಲೇ ಇಲ್ಲ ಅನ್ನುವುದು ಆ ಪತ್ರದ ಸಾರ. ಕಾಲೇಜಿನೊಳಗೆ ಮೇಲ್ಮನವಿಯನ್ನೂ ಹಾಕಿದಳು. ಅದು ವಜಾ ಆಯಿತು.

ಆಮೇಲೆ ಅವಳು ಫೆಡರಲ್ ಕೋರ್ಟಿಗೆ ಹೋದಳು. 2011ರ ಜನವರಿ 6ರಂದು ನ್ಯಾಯಾಧೀಶ ಎರಿಕ್ ಮೆಲ್ಗ್ರೆನ್ ಅವಳನ್ನು ವಾಪಸ್ ಸೇರಿಸಿಕೊಳ್ಳುವಂತೆ ಕಾಲೇಜಿಗೆ ಆದೇಶ ಕೊಟ್ಟರು. ಕಾಲೇಜು ಒಪ್ಪಿಕೊಂಡು, ಕೋರ್ಟಿಗೆ ಹೋಗದಿದ್ದ ಉಳಿದ ಮೂವರಿಗೂ ವಾಪಸ್ ಬರಲು ಅವಕಾಶ ಕೊಟ್ಟಿತು.

ಫೋಟೊದಿಂದ ಆದೇಶದ ತನಕ ಎರಡು ತಿಂಗಳು ಕೂಡ ಆಗಿರಲಿಲ್ಲ.

ಒಂದೇ ರಾತ್ರಿಯಲ್ಲಿ ಮುಗಿದ ವಿಚಾರಣೆ

ನನ್ನನ್ನು ಕಾಡುವುದು ಆ ಒಂದು ರಾತ್ರಿ. ಇವತ್ತು ಫೋಟೊ, ನಾಳೆ ಡಿಸ್ಮಿಸ್. ಏನಾಯಿತು, ಯಾರು ಏನು ಹೇಳಿದರು, ಶಿಕ್ಷಕಿ ಒಪ್ಪಿದ್ದರಾ, ಯಾವ ನಿಯಮ ಮುರಿದಿದೆ, ಹಿಂದೆ ಇಂಥದ್ದಕ್ಕೆ ಏನು ಮಾಡಿದ್ದೆವು, ಇದೆಲ್ಲವನ್ನೂ ವಿಚಾರಿಸುವುದಕ್ಕೆ ಒಂದು ರಾತ್ರಿ ಸಾಕಾ? ಇದರಲ್ಲಿ ಒಂದು ಪ್ರಶ್ನೆಯನ್ನಾದರೂ ಬಿಡಿಸಿ ಕೇಳಿದ್ದರೆ, ಶಿಕ್ಷಕಿ ಅಲ್ಲೇ ಇದ್ದು ಹೂಂ ಅಂದಿದ್ದರು ಅನ್ನುವುದೇ ಇಡೀ ವಿಷಯವನ್ನು ಬೇರೆ ದಾರಿಗೆ ತಿರುಗಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಕಾಲೇಜಿನವರ ಮನಸ್ಸು ಹೇಗಿರುತ್ತದೆ ಅಂತ ನನಗೆ ಗೊತ್ತು. ನಾನೂ ಆ ಮೇಜಿನ ಆ ಕಡೆ ಕೂತಿದ್ದೇನೆ. ನಮ್ಮ ವಿದ್ಯಾರ್ಥಿಗಳು ಕಲಿಯುವುದು ಬೇರೆಯವರ ಆಸ್ಪತ್ರೆಯಲ್ಲಿ. ಮೇಟ್ರನ್ ಅಥವಾ ಸೂಪರಿಂಟೆಂಡೆಂಟ್ ಬೇಸರ ಮಾಡಿಕೊಂಡು ‘ನಾಳೆಯಿಂದ ನಿಮ್ಮ ಮಕ್ಕಳನ್ನು ಕಳಿಸಬೇಡಿ’ ಅಂದರೆ ಇಡೀ ಬ್ಯಾಚಿನ ಕ್ಲಿನಿಕಲ್ ನಿಂತುಹೋಗುತ್ತದೆ. ಇದು ಉತ್ಪ್ರೇಕ್ಷೆ ಅಲ್ಲ. ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ಒಕ್ಕೂಟ 2011ರಲ್ಲಿ ಸಾಮಾಜಿಕ ಜಾಲತಾಣದ ಬಗ್ಗೆ ಒಂದು ಮಾರ್ಗದರ್ಶಿ ತಂದಿತು. ಅದರಲ್ಲಿ ಉದಾಹರಣೆಗೆಂದು ಒಂದು ಸನ್ನಿವೇಶ ಇದೆ. ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಮೂರು ವರ್ಷದ ಮಗುವಿನ ಫೋಟೊವನ್ನು ಒಬ್ಬ ವಿದ್ಯಾರ್ಥಿನಿ ತೆಗೆದು ಹೆಮ್ಮೆಯಿಂದ ಫೇಸ್‌ಬುಕ್‌ಗೆ ಹಾಕುತ್ತಾಳೆ. ಮಗುವಿನ ಮುಖ ಕಾಣುತ್ತದೆ, ವಾರ್ಡಿನ ಕೋಣೆ ನಂಬರೂ ಕಾಣುತ್ತದೆ. ಅವಳನ್ನು ಕಾಲೇಜು ಹೊರಹಾಕುತ್ತದೆ. ಆಸ್ಪತ್ರೆ ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಮಕ್ಕಳ ವಾರ್ಡಿನ ಬಾಗಿಲು ಮುಚ್ಚುತ್ತದೆ. ಕಾಲೇಜುಗಳು ಹೆದರುವುದು ಇದಕ್ಕೇ.

ಭಯ ನಿಜವಾದದ್ದೇ. ಆದರೆ ಭಯದಲ್ಲಿ ಕೊಟ್ಟ ಶಿಕ್ಷೆ ತಪ್ಪಿನ ತೂಕಕ್ಕೆ ಸರಿಹೊಂದುವುದಿಲ್ಲ. ಹೆದರಿದವರಿಗೆ ಬೇಗ ಯಾರನ್ನಾದರೂ ಹೊರಹಾಕಿ ‘ನಾವು ಕ್ರಮ ತಗೊಂಡೆವು’ ಅಂತ ತೋರಿಸಿದರೆ ಸಾಕು ಅನ್ನಿಸುತ್ತದೆ. ಮಾಸಿನ ಫೋಟೊವನ್ನೂ ಆ ಮಗುವಿನ ಫೋಟೊವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ರೋಗಿ ಯಾರೆಂದು ಊರಿಗೇ ಗೊತ್ತಾಗುತ್ತದೆ. ಇನ್ನೊಂದರಲ್ಲಿ ಹೆತ್ತ ತಾಯಿಗೇ ಇದು ತನ್ನದು ಅಂತ ಗುರುತು ಸಿಗಲಾರದು. ಎರಡಕ್ಕೂ ಒಂದೇ ಶಿಕ್ಷೆ ಅಂದರೆ, ಯಾವುದರಿಂದ ರೋಗಿಗೆ ನೋವು, ಯಾವುದರಿಂದ ಕಾಲೇಜಿಗೆ ಮುಜುಗರ ಅನ್ನುವ ವ್ಯತ್ಯಾಸವನ್ನು ನಾವೇ ಮಕ್ಕಳಿಗೆ ಅಳಿಸಿ ತೋರಿಸಿದಂತೆ.

ನ್ಯಾಯಾಧೀಶರು ಏನನ್ನು ನೋಡಿದರು

ಕೋರ್ಟು ಎರಡು ಕಡೆಯಿಂದ ವಿಷಯವನ್ನು ನೋಡಿತು.

ಮೊದಲನೆಯದು, ತಪ್ಪು ಎಲ್ಲಿದೆ ಅನ್ನುವುದು. ಫೋಟೊ ತೆಗೆಯಲು ಶಿಕ್ಷಕಿ ಅನುಮತಿ ಕೊಟ್ಟಿದ್ದರು. ಜನ ಫೋಟೊ ತೆಗೆಯುವುದೇ ನೋಡುವುದಕ್ಕೆ, ತೆಗೆಯಿರಿ ಅಂತ ಒಪ್ಪಿದ ಮೇಲೆ ಬೇರೆಯವರು ನೋಡುವುದಕ್ಕೂ ಒಪ್ಪಿದಂತೆ ಅನ್ನುವ ಅರ್ಥದ ಮಾತು ಮೆಲ್ಗ್ರೆನ್ ಅವರದು. ಯಾವ ರೋಗಿಯ ಗುಟ್ಟೂ ಬಯಲಾಗಿರಲಿಲ್ಲ. ಎರಡನೆಯದು, ವಿಚಾರಣೆ ನಡೆದ ರೀತಿ. ಹೊರಹಾಕುವ ಮುಂಚೆ ಆ ವಿದ್ಯಾರ್ಥಿನಿಗೆ ತನ್ನ ಮಾತು ಹೇಳಲು ನ್ಯಾಯವಾದ ಅವಕಾಶ ಸಿಕ್ಕಿರಲಿಲ್ಲ.

ಇಲ್ಲಿ ಸರ್ಕಾರಿ ಕಾಲೇಜು ಅನ್ನುವ ಮಾತು ಬರುತ್ತದೆ. ಅಮೆರಿಕದ ಸಂವಿಧಾನದ 14ನೆಯ ತಿದ್ದುಪಡಿ ಪ್ರಕಾರ ಸರ್ಕಾರಿ ಸಂಸ್ಥೆ ಯಾರಿಗಾದರೂ ಸಿಕ್ಕಿರುವ ಹಕ್ಕನ್ನು ಕಿತ್ತುಕೊಳ್ಳುವ ಮುಂಚೆ ಸರಿಯಾದ ಕ್ರಮ ಪಾಲಿಸಬೇಕು. 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಾಲಾ ಮಕ್ಕಳನ್ನು 10 ದಿನ ಅಮಾನತು ಮಾಡುವುದಕ್ಕೂ ಮುಂಚೆ ಆರೋಪ ಏನು ಅಂತ ತಿಳಿಸಿ, ಅವರ ಮಾತು ಕೇಳಬೇಕು ಅಂದಿತು. 1978ರಲ್ಲಿ ಅದೇ ಕೋರ್ಟು ಇನ್ನೊಂದು ಗೆರೆ ಎಳೆಯಿತು. ಮಿಸ್ಸೌರಿ ರಾಜ್ಯದ ಒಬ್ಬ ವೈದ್ಯ ವಿದ್ಯಾರ್ಥಿನಿಯನ್ನು ಕ್ಲಿನಿಕಲ್ ಕೆಲಸ ಸಾಲದು ಅಂತ ಕಾಲೇಜು ಹೊರಹಾಕಿತ್ತು. ಓದಿನ ಮಟ್ಟ, ಕೆಲಸದ ಮಟ್ಟ ಅಳೆಯುವುದು ಶಿಕ್ಷಕರ ಕೆಲಸ, ಅದಕ್ಕೆ ಕೋರ್ಟಿನ ಥರದ ವಿಚಾರಣೆ ಬೇಕಿಲ್ಲ ಅಂತ ತೀರ್ಪು ಬಂತು.

ನರ್ಸಿಂಗ್ ಕಾಲೇಜುಗಳಿಗೆ ಈ ಎರಡು ತೀರ್ಪುಗಳ ನಡುವಿನ ಜಾಗವೇ ಕಷ್ಟದ್ದು. ನಮ್ಮಲ್ಲಿ ನಡತೆಯೂ ಪಾಠದ ಭಾಗ. ರೋಗಿಯ ಜೊತೆ ಒರಟಾಗಿ ಮಾತಾಡಿದವಳು ಫೇಲಾ, ಶಿಸ್ತು ತಪ್ಪಿದವಳಾ? ಇಂಜೆಕ್ಷನ್ ಕೊಡುವ ಮುಂಚೆ ಹೆಸರು ಕೇಳದವಳು ಕಲಿಯಬೇಕಾದವಳಾ, ಶಿಕ್ಷೆಗೆ ಅರ್ಹಳಾ? ‘ವೃತ್ತಿಗೆ ತಕ್ಕ ನಡತೆ ಅಲ್ಲ’ ಅನ್ನುವ ಮಾತು ಎರಡೂ ಕಡೆಗೂ ಒಗ್ಗುತ್ತದೆ. ಅದಕ್ಕೇ ಕಾಲೇಜುಗಳಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ನನ್ನ ಪ್ರಕಾರ ಅದು ಅಪಾಯದ ಮಾತು. ಅದರೊಳಗೆ ಏನನ್ನು ಬೇಕಾದರೂ ತುರುಕಬಹುದು. ಅಗಲವಾದ ನಗುವನ್ನೂ ತುರುಕಬಹುದು.

ಇನ್ನೊಂದು ತೀರ್ಪನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಕೋರ್ಟುಗಳು ಯಾವಾಗಲೂ ವಿದ್ಯಾರ್ಥಿಗಳ ಪರವೇ ಅಂದುಕೊಂಡುಬಿಡುತ್ತೇವೆ. ಮಿನ್ನೆಸೋಟಾದ ಸೆಂಟ್ರಲ್ ಲೇಕ್ಸ್ ಕಾಲೇಜಿನ ನರ್ಸಿಂಗ್ ವಿದ್ಯಾರ್ಥಿಯೊಬ್ಬ 2012ರಲ್ಲಿ ಸಹಪಾಠಿಗಳ ಮೇಲೆ ಸಿಟ್ಟಾಗಿ ಫೇಸ್‌ಬುಕ್‌ನಲ್ಲಿ ಬರೆದ. ಒಬ್ಬಳನ್ನು ಕೆಟ್ಟ ಮಾತಲ್ಲಿ ಬೈದ. ಪೆನ್ಸಿಲ್ ಹೆರೆಯುವ ಯಂತ್ರ ತಗೊಂಡು ಯಾರದಾದರೂ ಎದೆಗೂಡಿನಲ್ಲಿ ರಕ್ತ, ಗಾಳಿ ತುಂಬುವ ಹಾಗೆ ಮಾಡುತ್ತೇನೆ ಅಂತಲೂ ಬರೆದ. ಕಾಲೇಜು ಅವನನ್ನು ಕರೆಸಿ, ಆ ಬರಹಗಳನ್ನು ಎದುರಿಗೇ ಓದಿ ಹೇಳಿ, ಅವನ ಉತ್ತರ ಕೇಳಿ, ಆಮೇಲೆ ಕೋರ್ಸಿನಿಂದ ತೆಗೆಯಿತು. ಮೇಲ್ಮನವಿಗೂ ದಾರಿ ಇತ್ತು. 2016ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಎರಡು–ಒಂದರ ಬಹುಮತದಲ್ಲಿ ಕಾಲೇಜಿನ ಪರ ನಿಂತಿತು. ಆ ತೀರ್ಪಿನ ಬಗ್ಗೆ ಅಲ್ಲಿ ಜಗಳ ಇದೆ. ಮಾತಿನ ಸ್ವಾತಂತ್ರ್ಯದ ದೊಡ್ಡ ಪ್ರಶ್ನೆ ಅದರಲ್ಲಿದೆ. ಆದರೆ ವಿಚಾರಣೆಯ ಮಟ್ಟಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಸಹಪಾಠಿಗಳಿಗೆ ಬೆದರಿಕೆ ಇತ್ತು, ಕೂರಿಸಿ ಕೇಳಿದ್ದೂ ಇತ್ತು. ಕಾನ್ಸಾಸ್‌ನಲ್ಲಿ ಎರಡೂ ಇರಲಿಲ್ಲ.

ಶಿಕ್ಷಕಿಯ ಆ ಒಂದು ಮಾತು

ಈಗ ನನಗೆ ತುಂಬಾ ಹತ್ತಿರದ ವಿಷಯಕ್ಕೆ ಬರುತ್ತೇನೆ. ‘ಅಯ್ಯೋ, ನೀವು ಹುಡುಗೀರೇ!’

ನಾವು ಟ್ಯೂಟರ್‌ಗಳು ದಿನಕ್ಕೆ ಎಷ್ಟು ಸಲ ಹೀಗೆ ಮಾತಾಡುತ್ತೇವೆ! ಹತ್ತು ಜನ ಸುತ್ತ ನಿಂತಿರುತ್ತಾರೆ. ಒಬ್ಬಳಿಗೆ ಸಹಿ ಬೇಕು, ಒಬ್ಬಳಿಗೆ ತಲೆಸುತ್ತು, ಒಬ್ಬಳು ಎಲ್ಲಿ ಹೋದಳೋ ಕಾಣಿಸುತ್ತಿಲ್ಲ. ಅದರ ನಡುವೆ ಯಾರೋ ಏನೋ ಕೇಳುತ್ತಾರೆ. ಬೇಡ ಅನ್ನಬೇಕಾದ ಕಡೆ ನಕ್ಕುಬಿಡುತ್ತೇವೆ. ವಿದ್ಯಾರ್ಥಿಗೆ ನಗು ಅಂದರೆ ಒಪ್ಪಿಗೆ. ನಾನು ಆ ಶಿಕ್ಷಕಿಯನ್ನು ದೂರಲಾರೆ. ಅವರ ಜಾಗದಲ್ಲಿ ನಾನೂ ಹಾಗೇ ಅನ್ನುತ್ತಿದ್ದೆನೇನೋ. ಮಾಸು ನೋಡಿ ಹುಡುಗಿಯರು ಖುಷಿಪಡುವುದು ಅವರಿಗೂ ಖುಷಿಯೇ ಆಗಿರಬೇಕು.

ಆದರೆ ಆ ನಗು ಪ್ರಕರಣದ ಒಂದು ಭಾಗ. ಅದನ್ನು ಕಡತದ ಹೊರಗಿಟ್ಟು ಹುಡುಗಿಯರನ್ನಷ್ಟೇ ಒಳಗೆ ಹಾಕಿದರೆ ವಿಚಾರಣೆ ಅರ್ಧ ಆದಂತೆ. ವಿದ್ಯಾರ್ಥಿಯ ತಪ್ಪು ಅಂತ ಬಂದ ಎಷ್ಟೋ ದೂರುಗಳ ಬೆನ್ನಿಗೆ ಒಬ್ಬ ದೊಡ್ಡವರ ಅಸಡ್ಡೆಯ ಹೂಂ ಇರುತ್ತದೆ. ಶಿಸ್ತು ಸಮಿತಿ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಇದನ್ನು ಮಾಡಬಹುದು ಅಂತ ಇವರಿಗೆ ಯಾರಾದರೂ ತೋರಿಸಿಕೊಟ್ಟಿದ್ದರಾ?

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನ ಮಾತು. ಮೂರನೇ ವರ್ಷದ ವಿದ್ಯಾರ್ಥಿನಿ ಮಧ್ಯಾಹ್ನದ ಡ್ಯೂಟಿಯಲ್ಲಿ ಟಿಪಿಆರ್ ಚಾರ್ಟು ತುಂಬಿದ್ದಳು. ಹನ್ನೆರಡು ಬೆಡ್, ಹನ್ನೆರಡಕ್ಕೂ ಜ್ವರ, ನಾಡಿ, ಉಸಿರು ಅಚ್ಚುಕಟ್ಟಾಗಿ ಬರೆದಿತ್ತು. ಅದರಲ್ಲಿ ಏಳನೇ ಬೆಡ್ಡಿನವರು ಆ ಹೊತ್ತಿಗೆ ಸ್ಕ್ಯಾನಿಂಗ್‌ಗೆ ಹೋಗಿದ್ದರು. ಬೆಡ್ಡಿನಲ್ಲಿ ಇರಲೇ ಇಲ್ಲ. ನಾನೇ ಹಿಡಿದೆ. ಪ್ರಿನ್ಸಿಪಾಲರ ಮುಂದೆ ಅತ್ತಳು, ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ಟಳು. ಅಲ್ಲಿಗೆ ಮುಗಿಯಿತು. ಅದೇ ವರ್ಷ ಹಾಸ್ಟೆಲಿನಲ್ಲಿ ಹುಟ್ಟುಹಬ್ಬದ ವಿಡಿಯೊ ಮಾಡಿ ಯೂನಿಫಾರ್ಮ್‌ನಲ್ಲಿ ಕುಣಿದದ್ದಕ್ಕೆ ಇಬ್ಬರನ್ನು ಒಂದು ವಾರ ಕ್ಲಿನಿಕಲ್‌ನಿಂದ ಹೊರಗಿಟ್ಟರು. ನಾನು ಆ ಸಮಿತಿಯಲ್ಲಿ ಇದ್ದೆ. ಸುಮ್ನೆ ಕೂತಿದ್ದೆ. ಇವತ್ತಿಗೂ ಅದು ನನಗೆ ಚುಚ್ಚುತ್ತದೆ.

ಯಾಕೆಂದರೆ ನೋಡದೆ ಬರೆದ ಜ್ವರದ ಅಂಕಿಯನ್ನು ನಂಬಿ ಡಾಕ್ಟರು ಔಷಧಿ ಬದಲಾಯಿಸುತ್ತಾರೆ. ಅದು ನಿಜವಾದ ಅಪ್ರಾಮಾಣಿಕತೆ. ಸೀನಿಯರ್‌ಗಳು ಬರೆದ ಕೇರ್ ಪ್ಲಾನ್, ಅಂದರೆ ರೋಗಿಯ ಆರೈಕೆಯ ಯೋಜನೆ, ನಕಲು ಮಾಡಿ ಹೆಸರು ಬದಲಾಯಿಸಿ ಕೊಡುವುದು, ಮಾಡಿಸದ ಹೆರಿಗೆಯನ್ನು ಕೇಸ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವುದು, ಇವೆಲ್ಲ ಅದೇ ಜಾತಿಗೆ ಸೇರಿದವು. ಇಷ್ಟು ಹೆರಿಗೆ ಮಾಡಿಸಿರಬೇಕು ಅಂತ ಸಿಲಬಸ್ ಹೇಳುತ್ತದೆ, ಪೋಸ್ಟಿಂಗ್ ಇರುವ ಆಸ್ಪತ್ರೆಯಲ್ಲಿ ಅಷ್ಟು ಹೆರಿಗೆ ಆಗುವುದಿಲ್ಲ, ಪರೀಕ್ಷೆ ಹತ್ತಿರ ಬರುತ್ತದೆ, ಪುಸ್ತಕ ತುಂಬುತ್ತದೆ. ಸಹಿ ಹಾಕುವವರಿಗೂ ಗೊತ್ತಿರುತ್ತದೆ. ಇದನ್ನು ಸಮಿತಿ ಮುಂದೆ ತಂದರೆ ಸಹಿ ಹಾಕಿದವರೂ ಬರಬೇಕಾಗುತ್ತದೆ. ಅದಕ್ಕೇ ಬಹಳ ಸಲ ಅದು ಸಮಿತಿ ತನಕ ಬರುವುದಿಲ್ಲ. ವಿಡಿಯೊ, ಫೋಟೊ ಮಾತ್ರ ಬರುತ್ತವೆ, ಯಾಕೆಂದರೆ ಅವು ಹೊರಗಿನವರಿಗೆ ಕಾಣುತ್ತವೆ.

ಕಾನ್ಸಾಸ್‌ನ ಪ್ರಕರಣ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕೇ. ಅಲ್ಲಿನ ವಿದ್ಯಾರ್ಥಿನಿ ಏನನ್ನೂ ಮುಚ್ಚಿಡಲಿಲ್ಲ. ಮೊದಲು ಕೇಳಿದಳು, ಫೇಸ್‌ಬುಕ್‌ನ ಮಾತೂ ಮುಚ್ಚುಮರೆ ಇಲ್ಲದೆ ಬಂತು, ತೆಗೆ ಅಂದಾಗ ತೆಗೆದಳು, ತಪ್ಪಾಗಿ ಕಂಡಿದ್ದರೆ ಕ್ಷಮಿಸಿ ಅಂತ ಬರೆದಳು. ಇದಕ್ಕಿಂತ ಪ್ರಾಮಾಣಿಕವಾಗಿ ಇರುವುದು ಹೇಗೆ? ಆ ಕಾಲೇಜಿನ ಉಳಿದ ವಿದ್ಯಾರ್ಥಿಗಳು ಇದರಿಂದ ಕಲಿತದ್ದೇನಿರಬಹುದು ಅಂತ ಯೋಚಿಸುತ್ತೇನೆ. ಕೇಳಿ ಮಾಡಿದರೂ ಹೊರಗೆ, ಕೇಳದೆ ಮಾಡಿದರೂ ಹೊರಗೆ ಅಂದರೆ ಮುಂದೆ ಯಾರು ಕೇಳುತ್ತಾರೆ? ಔಷಧಿ ಡೋಸ್ ತಪ್ಪಿದ ವಿದ್ಯಾರ್ಥಿನಿ ‘ಮೇಡಂ, ತಪ್ಪಾಯಿತು, ಬೇಗ ಬನ್ನಿ’ ಅಂತ ಓಡಿಬರಬೇಕು. ಅದು ನಮಗೆ ಬೇಕೇ ಬೇಕು. ಹೆದರಿದವಳು ಓಡಿಬರುವುದಿಲ್ಲ.

ನಮ್ಮ ಕಾಲೇಜುಗಳಿಗೆ ಇದು ಎಷ್ಟು ಹತ್ತಿರ

ಅಮೆರಿಕದ ಕಾನೂನು ನಮಗೆ ಅನ್ವಯಿಸುವುದಿಲ್ಲ, ಸರಿ. ಆದರೆ ಇದೇ ಮಾತನ್ನು ನಮ್ಮ ಸುಪ್ರೀಂ ಕೋರ್ಟು 1962ರಲ್ಲೇ ಹೇಳಿದೆ. ಉತ್ತರ ಪ್ರದೇಶದಲ್ಲಿ 1954ರ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದ ಮೂವರು ವಿದ್ಯಾರ್ಥಿಗಳು ನಕಲು ಮಾಡಿದ್ದಾರೆ ಅಂತ ಪರೀಕ್ಷಾ ಸಮಿತಿ ಅವರ ಫಲಿತಾಂಶ ರದ್ದು ಮಾಡಿತ್ತು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳದೆ ಹಾಗೆ ಮಾಡುವಂತಿಲ್ಲ ಅಂತ ತೀರ್ಪಾಯಿತು. 1970ರಲ್ಲಿ ಬಿಹಾರದ ಒಂದು ಪರೀಕ್ಷಾ ಕೇಂದ್ರದ ಪ್ರಕರಣ ಬಂತು. ಅಲ್ಲಿ ಇಡೀ ಕೇಂದ್ರವೇ ನಕಲು ಮಾಡಿತ್ತು. ಯಾರೊಬ್ಬರ ಮೇಲೂ ಬೇರೆಯಾಗಿ ಆರೋಪ ಹೊರಿಸದೆ ಪರೀಕ್ಷೆಯನ್ನೇ ರದ್ದು ಮಾಡುವಾಗ ಒಬ್ಬೊಬ್ಬರನ್ನೂ ಕೂರಿಸಿ ಕೇಳಬೇಕಿಲ್ಲ ಅಂತ ಕೋರ್ಟು ಅಂದಿತು. ಅಂದರೆ ಹೆಸರು ಹಿಡಿದು ಒಬ್ಬರನ್ನು ತಪ್ಪಿತಸ್ಥರು ಅನ್ನುವುದಾದರೆ ಅವರ ಮಾತು ಕೇಳಲೇಬೇಕು.

ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದರೆ ವಿಷಯ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅದಕ್ಕೊಂದು ಕ್ರಮ ಇದೆ. ಆದರೆ ವಾರ್ಡಿನಲ್ಲಿ, ಲೇಬರ್ ರೂಮಿನಲ್ಲಿ, ಕೇಸ್ ಬುಕ್ಕಿನಲ್ಲಿ ನಡೆಯುವುದೆಲ್ಲ ಕಾಲೇಜಿನೊಳಗೇ ತೀರ್ಮಾನ ಆಗುತ್ತದೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಅದಕ್ಕೆ ಬರೆದಿಟ್ಟ ಕ್ರಮ ಇರಲಿಲ್ಲ. ಪ್ರಿನ್ಸಿಪಾಲರ ಮನಸ್ಸು ಅವತ್ತು ಹೇಗಿದೆಯೋ ಹಾಗೆ. ಅಪ್ಪ ಅಮ್ಮನನ್ನು ಊರಿಂದ ಕರೆಸುವುದು ಮೊದಲ ಹೆಜ್ಜೆ. ಬಸ್ಸು ಹತ್ತಿ ಬಂದು ಕೈಮುಗಿದು ನಿಂತ ಅಪ್ಪನ ಮುಂದೆ ಮಗಳಿಗೆ ಬೈದರೆ ವಿಚಾರಣೆ ಆಯಿತು ಅಂದುಕೊಳ್ಳುತ್ತೇವೆ. ಅಲ್ಲಿ ಹುಡುಗಿಗೆ ಆಗುವುದು ಅವಮಾನ. ಏನಾಯಿತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ.

2024ರ ಫೆಬ್ರವರಿಯಲ್ಲಿ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲಿ 38 ವೈದ್ಯ ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಅವರ ತರಬೇತಿಯನ್ನು 10 ದಿನ ಹೆಚ್ಚಿಸಿದರು. ರೀಲ್ಸ್ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆ ಅಂದರೆ ನೋವಿನಲ್ಲಿರುವ ಜನರ ಜಾಗ. ಆದರೆ ಶಿಕ್ಷೆ ನನಗೆ ಸರಿ ಅನ್ನಿಸಿತು. ಓದು ನಿಲ್ಲಲಿಲ್ಲ. ಆಸ್ಪತ್ರೆಯಲ್ಲೇ ಇನ್ನಷ್ಟು ದಿನ ಕೆಲಸ ಮಾಡಬೇಕಾಯಿತು. ಕಾನ್ಸಾಸ್‌ನ ಕಾಲೇಜೂ ಹೀಗೇ ಏನಾದರೂ ಮಾಡಬಹುದಿತ್ತು. ರೋಗಿಯ ಗುಟ್ಟಿನ ಬಗ್ಗೆ ಒಂದು ಪಾಠ, ಒಂದು ಎಚ್ಚರಿಕೆ ಪತ್ರ, ಇನ್ನು ಮೇಲೆ ಲೇಬರ್ ರೂಮಿಗೆ ಫೋನ್ ಇಲ್ಲ ಅನ್ನುವ ಬರೆದಿಟ್ಟ ನಿಯಮ. ಅಷ್ಟು ಸಾಕಿತ್ತು.

ನಾನು ಈಗ ಇರುವ ಕಡೆ ಇದಕ್ಕಾಗಿ ಜಗಳ ಮಾಡಿ ಕೆಲವು ಬದಲಾವಣೆ ತಂದಿದ್ದೇವೆ. ದೂರು ಕೊಟ್ಟ ಟ್ಯೂಟರ್ ಸಮಿತಿಯಲ್ಲಿ ಕೂರುವಂತಿಲ್ಲ. ಏನು ಆರೋಪ ಅಂತ ಕನ್ನಡದಲ್ಲಿ ಬರೆದು ಕೊಡುತ್ತೇವೆ, ಉತ್ತರ ಕೊಡಲು ಮೂರು ದಿನ ಸಮಯ ಇರುತ್ತದೆ. ರೋಗಿಗೆ ಅಪಾಯ ಇದೆ ಅನ್ನಿಸಿದರೆ ಆ ಮೂರು ದಿನ ವಾರ್ಡಿಗೆ ಕಳಿಸುವುದಿಲ್ಲ, ಆದರೆ ತರಗತಿಗೆ ಬರಬಹುದು. ಅಪ್ಪ ಅಮ್ಮನಿಗೆ ಫೋನ್ ಮಾಡುವುದು ವಿಚಾರಣೆ ಮುಗಿದ ಮೇಲೆ. ಚಾರ್ಟು ಸುಳ್ಳು ಬರೆದದ್ದಕ್ಕೆ ಈಗ ವಿಡಿಯೊಗಿಂತ ದೊಡ್ಡ ಶಿಕ್ಷೆ. ಕೇಸ್ ಬುಕ್ಕಿನ ವಿಷಯದಲ್ಲಿ ಇನ್ನೂ ಒದ್ದಾಡುತ್ತಿದ್ದೇವೆ. ಸಹಿ ಹಾಕಿದವರನ್ನೂ ಕೇಳಬೇಕು ಅಂದಾಗ ಮೀಟಿಂಗ್ ಮುಂದಕ್ಕೆ ಹೋಯಿತು.

ಯಾರೂ ಕೇಳದೇ ಬಿಟ್ಟವರು

ಈ ಪ್ರಕರಣವನ್ನು ಓದುವಾಗೆಲ್ಲ ಒಂದು ಕಡೆ ನಾನು ನಿಲ್ಲುತ್ತೇನೆ. ವಿದ್ಯಾರ್ಥಿನಿಯರು ಇದ್ದಾರೆ, ಶಿಕ್ಷಕಿ ಇದ್ದಾರೆ, ಮುಖ್ಯಸ್ಥರು, ವಕೀಲರು, ನ್ಯಾಯಾಧೀಶರು ಎಲ್ಲರೂ ಇದ್ದಾರೆ. ಅವತ್ತು ಹೆತ್ತ ತಾಯಿ ಎಲ್ಲೂ ಕಾಣುವುದಿಲ್ಲ. ಮಾಸು ಅವಳದು. ಅವಳ ಹೆಸರು ಹೊರಬರಲಿಲ್ಲ, ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ಅವಳಿಗೆ ಏನೂ ಆಗಲಿಲ್ಲ. ಕೋರ್ಟು ಅಷ್ಟಕ್ಕೆ ನಿಲ್ಲಿಸಿದ್ದು ಸರಿ. ಕಲಿಸುವವರು ಅಷ್ಟಕ್ಕೆ ನಿಲ್ಲಿಸಬಾರದು. ನಮ್ಮ ಹಳ್ಳಿಗಳಲ್ಲಿ ಮನೆ ಹೆರಿಗೆ ಆದಾಗ ಮಾಸನ್ನು ಹಿತ್ತಲಲ್ಲಿ ಗುಂಡಿ ತೋಡಿ ಜೋಪಾನವಾಗಿ ಹೂಳುತ್ತಿದ್ದರು. ನಾಯಿ ಮುಟ್ಟದಂತೆ ಮೇಲೆ ಕಲ್ಲು ಇಡುತ್ತಿದ್ದರು. ಅದು ಬರೀ ಕಸ ಅಲ್ಲ, ಒಬ್ಬಳ ಮೈಯಿಂದ ಬಂದದ್ದು ಅನ್ನುವ ತಿಳಿವಳಿಕೆ ಅದರಲ್ಲಿತ್ತು. ‘ಹೆಸರು ಬರಬಾರದು’ ಅನ್ನುವುದರ ಜೊತೆಗೆ ‘ಅವಳನ್ನು ಕೇಳಿದ್ದೀರಾ’ ಅಂತ ಆ ಶಿಕ್ಷಕಿ ಒಂದು ಮಾತು ಅಂದಿದ್ದರೆ, ಪ್ರಕರಣವೂ ಇರುತ್ತಿರಲಿಲ್ಲ, ಪಾಠವೂ ಆಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಎರಡನೇ ಹೆರಿಗೆಗೆ ಬಂದ ಒಬ್ಬಾಕೆಗೆ ಗಂಡು ಮಗು ಆಯಿತು. ಮಾಸು ಟ್ರೇನಲ್ಲಿತ್ತು. ಸುತ್ತ ಆರು ಜನ ಹುಡುಗಿಯರು. ಒಬ್ಬಳು ಮೆಲ್ಲಗೆ ಕೇಳಿದಳು, ‘ಮೇಡಂ, ಒಂದೇ ಒಂದು ಫೋಟೊ ತಗೊಳ್ಳಲಾ? ನಮ್ಮ ಅಜ್ಜಿಗೆ ತೋರಿಸ್ತೀನಿ. ಅವರು ಸೂಲಗಿತ್ತಿ ಆಗಿದ್ರು.’

ಫೋನು ಹೊರಗೆ ಲಾಕರಿನಲ್ಲೇ ಇರಲಿ ಅಂದೆ. ಬೇಕಾದರೆ ಆ ಅಕ್ಕನ್ನ ಕೇಳು, ಇದನ್ನು ಕೈಯಲ್ಲಿ ಹಿಡಿದು ಚಿತ್ರ ಬರೆದುಕೊಳ್ಳಲಾ ಅಂತ. ಹುಡುಗಿ ಗ್ಲವ್ಸ್ ತೆಗೆದು, ಕೈ ತೊಳೆದು, ಬೆಡ್ಡಿನ ಹತ್ತಿರ ಹೋಗಿ ಬಗ್ಗಿ ಕೇಳಿದಳು. ಆ ತಾಯಿಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ನಕ್ಕಳು. ‘ಬರ್ಕೊಳವ್ವ. ನಂಗೂ ಒಂದ್ಸಲ ತೋರ್ಸು, ಹೋದ್ಸಲ ಯಾರೂ ತೋರ್ಸ್ಲಿಲ್ಲ’ ಅಂದಳು.

ಟ್ರೇ ತಗೊಂಡು ಹೋಗಿ ತೋರಿಸಿದೆವು. ಹುಡುಗಿ ಹೋಳುಗಳನ್ನು ಎಣಿಸಿದಳು, ಜೋರಾಗಿ, ತಾಯಿಗೂ ಕೇಳುವ ಹಾಗೆ. ಎಲ್ಲ ಇದ್ದವು.